ಸಂಪು, ಟ್ಯಾಂಕು, ಕರಾಫ್: ಬಂಡಲ್ ಒಡೆದ ಮೇಲೆ ಕಾಣೆಯಾದ ಕಾನ್ಫಿಗರೇಶನ್

ಸಂಪಿನದು, ಮೇಲಿನ ಟ್ಯಾಂಕಿನದು, ಬೋರ್‌ವೆಲ್ ನೀರು ಬೀಳುವ ಸಿಮೆಂಟ್ ತೊಟ್ಟಿಯದು, ಮೂರೂ ಲೆವೆಲ್ ಸೆನ್ಸರ್‌ಗಳು ಕೊನೆಗೂ ಕರಾಫ್‌ನಲ್ಲಿ (ಜಾವಾ ಪ್ರೋಗ್ರಾಮನ್ನು ಬಂಡಲ್ ಎಂಬ ಬಿಡಿ ಭಾಗಗಳಾಗಿ ಓಡಿಸುವ, ಓಎಸ್‌ಜಿಐ ನಿಯಮಗಳ ಮೇಲೆ ನಿಂತ ತಂತ್ರಾಂಶ) ಆಕ್ಟಿವ್ ಆಗಿವೆ. ವೆಬ್ ಪುಟದಲ್ಲಿ ಮಿತಿ ಬದಲಿಸಿದರೆ ಮೋಟಾರು ಅದರಂತೆ ನಡೆಯುತ್ತದೆ. ರಾಸ್ಪ್‌ಬೆರಿ ಪೈ, ರಿಲೇ, ಎಕೋ ಪಿನ್ನಿಗೆ ವೋಲ್ಟೇಜ್ ಡಿವೈಡರ್, ಬಿಎನ್‌ಡಿ ಪ್ಲಗಿನ್ ಹಾಕಿ ಬಂಡಲ್ ಕಟ್ಟುವುದು, ಇದೆಲ್ಲ ನಿಮಗೆ ಗೊತ್ತಿರುವುದೇ, ಬಿಟ್ಟುಬಿಡುತ್ತೇನೆ. ಈ ಸಲ ಹೇಳಬೇಕಾಗಿರುವುದು ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆಯ ವಿಷಯ.

ಹಿಂದಿನ ಆವೃತ್ತಿಯಲ್ಲಿ ಎಲ್ಲವೂ ಒಂದೇ ಬಂಡಲ್‌ನಲ್ಲಿತ್ತು: ಸೆನ್ಸರ್ ಓದುವುದು, ಮೋಟಾರು ನಡೆಸುವುದು, ಮಿತಿ ಬದಲಿಸುವ ಪುಟ. ಅದು ಚೆನ್ನಾಗಿಯೇ ಓಡುತ್ತಿತ್ತು. ಆದರೆ ಸೆನ್ಸರ್ ಮಾದರಿ ಬದಲಾದಾಗಲೆಲ್ಲ ಪುಟವನ್ನೂ ಇಳಿಸಿ ಏರಿಸಬೇಕಾಗುತ್ತಿತ್ತು. ಹಾಗಾಗಿ ಮೂರು ಭಾಗ ಮಾಡಿದೆ. ಬರೀ ಇಂಟರ್‌ಫೇಸ್‌ಗಳಿರುವ (ಭಾಗಗಳು ಒಂದನ್ನೊಂದು ಕರೆಯುವ ಒಪ್ಪಂದ) ಎಪಿಐ ಬಂಡಲ್ ಒಂದು, ಸೆನ್ಸರ್ ಮತ್ತು ಮೋಟಾರಿನ ಬಂಡಲ್ ಒಂದು, ಪುಟದ್ದು ಇನ್ನೊಂದು. ಸೆನ್ಸರ್ ಕಾಂಪೊನೆಂಟ್‌ಗೆ ಕಾನ್ಫಿಗರೇಶನ್ ಪಾಲಿಸಿ ರಿಕ್ವೈರ್. ಅಂದರೆ ಜಾಗ, ಪಿನ್ನು, ತೊಟ್ಟಿಯ ಆಳ, ಮಿತಿ ಇವನ್ನು ಯಾರಾದರೂ ಕೊಡುವ ತನಕ ಅದು ಹುಟ್ಟುವುದೇ ಇಲ್ಲ. ಒಂದು ಫ್ಯಾಕ್ಟರಿ ಪಿಐಡಿ (ಒಂದೇ ಬಗೆಯ ಹಲವು ಕಾನ್ಫಿಗರೇಶನ್‌ಗಳಿಗೆ ಇರುವ ಸಮಾನ ಗುರುತು) ಕೆಳಗೆ ಎಷ್ಟು ಕಾನ್ಫಿಗರೇಶನ್ ಇದ್ದರೆ ಅಷ್ಟು ಸೆನ್ಸರ್. ಈ ಗುಣಕ್ಕಾಗಿಯೇ ನಾನು ಡಿಕ್ಲರೇಟಿವ್ ಸರ್ವೀಸಸ್ (ಕಾಂಪೊನೆಂಟ್‌ಗಳನ್ನು ಹುಟ್ಟಿಸಿ ಜೋಡಿಸುವ ಓಎಸ್‌ಜಿಐ ವ್ಯವಸ್ಥೆ) ಬಿಟ್ಟು ಬೇರೆ ಕಡೆ ಹೋಗಿಲ್ಲ.

ಒಡೆದ ಮೇಲೆ ಶುರುವಾಯಿತು. ಸಂಪಿನ ಕಾನ್ಫಿಗರೇಶನ್ನನ್ನು ಇಟಿಸಿ ಫೋಲ್ಡರಿನಲ್ಲಿ ಸಿಎಫ್‌ಜಿ ಫೈಲಾಗಿ ಇಟ್ಟಿದ್ದೆ. ಸಂಪು ತಕ್ಷಣ ಆಕ್ಟಿವ್. ಟ್ಯಾಂಕು ಮತ್ತು ತೊಟ್ಟಿಯದನ್ನು ಪುಟದಿಂದ ಸೇವ್ ಮಾಡಿದೆ, ಎರಡೂ ಇಲ್ಲ. ಮೋಟಾರ್ ಕಂಟ್ರೋಲರ್‌ಗೆ ಮೂರೂ ಕಡೆಯ ಸೆನ್ಸರ್‌ಗಳ ರೆಫರೆನ್ಸ್ (ಅವುಗಳ ಕೊಂಡಿ) ಕಡ್ಡಾಯ, ಯಾವ ಜಾಗದ್ದೆಂದು ಹೆಸರಿನಿಂದ ಆರಿಸುವ ಟಾರ್ಗೆಟ್ ಫಿಲ್ಟರ್ ಸಮೇತ. ಹಾಗಾಗಿ ಅದೂ ಅನ್‌ಸ್ಯಾಟಿಸ್‌ಫೈಡ್ ರೆಫರೆನ್ಸ್ ಅಂತ ಕೂತುಬಿಟ್ಟಿತು. ಲಾಗ್‌ನಲ್ಲಿ ಒಂದು ಎಚ್ಚರಿಕೆಯ ಸಾಲೂ ಇಲ್ಲ. ಅಮ್ಮ ಕೈಸ್ವಿಚ್ ಹಾಕಿ ಬಂದು, "ಏನೋ ಆಯ್ತು ನಿನ್ನ ಮೋಟಾರಿಗೆ?" ಅಂದರು. "ಬಂಡಲ್ ಒಡೆದೆ ಅಮ್ಮ" ಅಂದೆ. "ಒಡೆದಿದ್ದು ಸಾಕು, ಈಗ ಅಂಟಿಸು" ಅಂದರು.

ಮಾಮೂಲಿ ಅನುಮಾನಗಳನ್ನೆಲ್ಲ ತೀರಿಸಿಕೊಂಡೆ. ಪಿಐಡಿ ಅಕ್ಷರ ಅಕ್ಷರವೂ ಒಂದೇ. ಕಾನ್ಫಿಗ್ ಅನೊಟೇಶನ್‌ನ (ಪ್ರಾಪರ್ಟಿಗಳನ್ನು ಕೋಡಿಗೆ ಒದಗಿಸುವ ಜಾವಾ ಘೋಷಣೆ) ಮೆಥಡ್ ಹೆಸರಿನಲ್ಲಿರುವ ಅಂಡರ್‌ಸ್ಕೋರ್ ಪ್ರಾಪರ್ಟಿ ಹೆಸರಿನಲ್ಲಿ ಚುಕ್ಕೆಯಾಗುತ್ತದಲ್ಲ, ಅಲ್ಲೂ ಎಡವಟ್ಟಿಲ್ಲ. ಪುಟದಿಂದ ಸಂಖ್ಯೆ ಸ್ಟ್ರಿಂಗ್ ಆಗಿ ಬಂದರೂ ಅನೊಟೇಶನ್ ಅದನ್ನು ಸಂಖ್ಯೆಗೆ ತಿರುಗಿಸಿಕೊಳ್ಳುತ್ತದೆ, ಅದೂ ಕಾರಣವಲ್ಲ. ಬಂಡಲ್ ಒಳಗಿನ ಓಎಸ್‌ಜಿಐ-ಐಎನ್‌ಎಫ್ ಫೋಲ್ಡರ್ ತೆಗೆದು ಕಾಂಪೊನೆಂಟ್ ವಿವರದ ಎಕ್ಸ್‌ಎಂಎಲ್ ಓದಿದೆ, ಮ್ಯಾನಿಫೆಸ್ಟಿನಲ್ಲಿ ಸರ್ವೀಸ್-ಕಾಂಪೊನೆಂಟ್ ಸಾಲು ನೋಡಿದೆ, ಸರಿಯಾಗಿಯೇ ಇವೆ. ಇರದಿದ್ದರೆ ಸಂಪಿನದೂ ಏಳುತ್ತಿರಲಿಲ್ಲ.

ಕೊನೆಗೆ ಕನ್ಸೋಲಿನಲ್ಲಿ ಕಾನ್ಫಿಗ್:ಲಿಸ್ಟ್ ಹೊಡೆದು ಸಂಪಿನದನ್ನೂ ಟ್ಯಾಂಕಿನದನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿದೆ. ಪ್ರಾಪರ್ಟಿಗಳಲ್ಲಿ ವ್ಯತ್ಯಾಸವಿಲ್ಲ. ಪಿಐಡಿಯ ಕೆಳಗೆ, ಕಣ್ಣು ಯಾವಾಗಲೂ ದಾಟಿಕೊಂಡು ಹೋಗುವ ಒಂದು ಸಾಲಿದೆ: ಬಂಡಲ್‌ಲೊಕೇಶನ್. ಸಂಪಿನದರಲ್ಲಿ ಅಲ್ಲಿ ಬರೀ ಒಂದು "?" ಇತ್ತು. ಟ್ಯಾಂಕಿನದರಲ್ಲಿ ಎಂವಿಎನ್ (ಮೇವನ್ ಭಂಡಾರದ ಗುರುತು) ಎಂದು ಶುರುವಾಗುವ ಉದ್ದ ವಿಳಾಸ, ಅದೂ ಪುಟದ ಬಂಡಲ್‌ನದು.

ವಿಷಯ ಇಷ್ಟು. ಕಾನ್ಫಿಗರೇಶನ್ ಅಡ್ಮಿನ್‌ನಲ್ಲಿ (ಕಾನ್ಫಿಗರೇಶನ್‌ಗಳನ್ನು ಇಟ್ಟುಕೊಂಡು ಹಂಚುವ ಓಎಸ್‌ಜಿಐ ಸೇವೆ) ಪ್ರತಿ ಕಾನ್ಫಿಗರೇಶನ್‌ಗೂ ಒಂದು ಲೊಕೇಶನ್ ಇರುತ್ತದೆ. ಗೆಟ್‌ಫ್ಯಾಕ್ಟರಿಕಾನ್ಫಿಗರೇಶನ್ ಮೆಥಡ್‌ಗೆ ಫ್ಯಾಕ್ಟರಿ ಪಿಐಡಿ ಮತ್ತು ಹೆಸರು ಎರಡನ್ನೇ ಕೊಟ್ಟರೆ, ಹೊಸದಾಗಿ ಹುಟ್ಟುವ ಕಾನ್ಫಿಗರೇಶನ್ ಕರೆದ ಬಂಡಲ್‌ನ ಲೊಕೇಶನ್‌ಗೆ ಅಂಟಿಕೊಳ್ಳುತ್ತದೆ. ಬೇರೆ ಬಂಡಲ್‌ನಲ್ಲಿರುವ ಕಾಂಪೊನೆಂಟ್‌ಗೆ ಅದು ಕಾಣುವುದೇ ಇಲ್ಲ. ರೇಷನ್ ಕಾರ್ಡು ಒಂದು ನ್ಯಾಯಬೆಲೆ ಅಂಗಡಿಗೆ ಬಿದ್ದಿದ್ದರೆ ಪಕ್ಕದ ಅಂಗಡಿಯ ಪಟ್ಟಿಯಲ್ಲಿ ನಿಮ್ಮ ಹೆಸರೇ ಇರುತ್ತಿರಲಿಲ್ಲವಲ್ಲ, ಹಾಗೆ. ಇಟಿಸಿ ಫೋಲ್ಡರಿನ ಫೈಲುಗಳನ್ನು ಓದುವ ಫೈಲ್ ಇನ್‌ಸ್ಟಾಲ್ ತಾನು ಸೃಷ್ಟಿಸುವ ಕಾನ್ಫಿಗರೇಶನ್‌ಗಳಿಗೆ "?" ಕೊಡುತ್ತದೆ, ಯಾವ ಬಂಡಲ್ ಬೇಕಾದರೂ ನೋಡಬಹುದು ಅಂತ. ಸಂಪು ಎದ್ದದ್ದು ಅದಕ್ಕೇ. ಹಳೆಯ ಆವೃತ್ತಿ ಓಡುತ್ತಿದ್ದದ್ದೂ ಇದಕ್ಕೇ: ಪುಟವೂ ಸೆನ್ಸರ್ರೂ ಒಂದೇ ಬಂಡಲ್, ಒಂದೇ ಲೊಕೇಶನ್.

ಈ ನಿಯಮ ಎಲ್ಲಿಂದ ಬಂತು ಅನ್ನುವುದು ನನಗೆ ಅರ್ಥವಾಗುತ್ತದೆ. ಓಎಸ್‌ಜಿಐ ಕೂಟ ಶುರುವಾದದ್ದು 1999ರಲ್ಲಿ, ಮನೆಯ ಗೇಟ್‌ವೇ ಪೆಟ್ಟಿಗೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಒಂದೇ ಪೆಟ್ಟಿಗೆಯಲ್ಲಿ ಬೇರೆ ಬೇರೆ ಕಂಪನಿಗಳ ಬಂಡಲ್‌ಗಳು. ಒಬ್ಬರ ಪಾಸ್‌ವರ್ಡು ಇನ್ನೊಬ್ಬರ ಕೈಗೆ ಸಿಗಬಾರದು. ಅಲ್ಲಿಗೆ ಇದು ಸರಿಯಾದ ಕಾವಲು. ಆದರೆ ಭಾಗ ಭಾಗವಾಗಿ ಒಡೆಯಿರಿ ಎಂದು ಹೇಳುವ ವ್ಯವಸ್ಥೆಯಲ್ಲಿ, ಒಡೆದ ಕ್ಷಣದಲ್ಲೇ ಕೆಟ್ಟುಹೋಗುವ ನಡವಳಿಕೆಯನ್ನು ಡೀಫಾಲ್ಟ್ ಆಗಿ ಇಡಬಾರದಿತ್ತು. ಇಟ್ಟರೂ ಕಾಣಿಸದ ಕಾನ್ಫಿಗರೇಶನ್ ಒಂದಿದೆ ಎಂದು ಎಸ್‌ಸಿಆರ್:ಇನ್ಫೋ (ಕಾಂಪೊನೆಂಟ್‌ನ ಸ್ಥಿತಿ ತೋರಿಸುವ ಕಮಾಂಡ್) ಒಂದು ಮಾತು ಹೇಳಬಹುದಿತ್ತು. ನಾನು ಓದಿದ ಯಾವ ಟ್ಯುಟೋರಿಯಲ್ಲೂ ಈ ಸಾಲಿನ ಹತ್ತಿರ ನಿಲ್ಲುವುದಿಲ್ಲ, ಇಷ್ಟು ಉದ್ದ ಬರೆಯುತ್ತಿರುವುದು ಅದಕ್ಕಾಗಿಯೇ.

ಪುಟದ ಕೋಡಿನಲ್ಲಿ ಮೂರನೆಯ ಆರ್ಗ್ಯುಮೆಂಟ್ ಆಗಿ "?" ಸೇರಿಸಿ ಮತ್ತೆ ಡಿಪ್ಲಾಯ್ ಮಾಡಿದೆ. ಟ್ಯಾಂಕು ಆಗಲೂ ಏಳಲಿಲ್ಲ! ಏಕೆಂದರೆ ಆ ಆರ್ಗ್ಯುಮೆಂಟ್‌ಗೆ ಬೆಲೆ ಕಾನ್ಫಿಗರೇಶನ್ ಹೊಸದಾಗಿ ಹುಟ್ಟುವಾಗ ಮಾತ್ರ. ಮೊದಲೇ ಇದ್ದರೆ, ಡಿಸ್ಕಿನಲ್ಲಿ ಕೂತಿರುವ ಹಳೆಯದೇ ಹಳೆಯ ಲೊಕೇಶನ್ ಸಮೇತ ವಾಪಸ್ ಬರುತ್ತದೆ. ಕಾನ್ಫಿಗ್:ಡಿಲೀಟ್ ಮಾಡಿ ಪುಟದಿಂದ ಮತ್ತೆ ಸೇವ್ ಮಾಡಿದೆ. ಟ್ಯಾಂಕು ಆಕ್ಟಿವ್, ತೊಟ್ಟಿ ಆಕ್ಟಿವ್, ಕಂಟ್ರೋಲರ್ ತಾನಾಗಿ ಎದ್ದಿತು. ಅಳಿಸಲು ಮನಸ್ಸಿಲ್ಲದಿದ್ದರೆ ಸೆಟ್‌ಬಂಡಲ್‌ಲೊಕೇಶನ್ ಕರೆದು "?" ಮಾಡಬಹುದು, ಅದೂ ನಡೆಯುತ್ತದೆ.

ಇದರ ಬಾಲ ಇನ್ನೂ ಒಂದಿದೆ. ಎಂವಿಎನ್ ವಿಳಾಸದಲ್ಲಿ ಆವೃತ್ತಿ ಸಂಖ್ಯೆ ಸೇರಿರುತ್ತದೆ. ನಿಮ್ಮದೆಲ್ಲ ಇವತ್ತಿಗೂ ಒಂದೇ ಬಂಡಲ್‌ನಲ್ಲಿದ್ದರೂ, ಹಳೆಯದನ್ನು ತೆಗೆದು 1.0.1ರ ಜಾಗಕ್ಕೆ 1.0.2 ಹಾಕಿದ ದಿನ ಲೊಕೇಶನ್ ಬದಲಾಗಿ, ಸೇವ್ ಆಗಿದ್ದ ಕಾನ್ಫಿಗರೇಶನ್ ಕಣ್ಮರೆಯಾಗುತ್ತದೆ. "?" ಇದ್ದರೆ ಈ ತೊಂದರೆಯಿಲ್ಲ. ಈಗಲೇ ಒಮ್ಮೆ ಲಿಸ್ಟ್ ಹೊಡೆದು ನೋಡಿಕೊಳ್ಳಿ.

ಇದೇ ಕೆಲಸದ ನಡುವೆ ತಂಗಮ್ಮ ಅನ್ನುವವರ ಅಡಕೆ ತೋಟದ ವಿಚಾರವೂ ತಲೆಗೆ ಬಂತು. ಅಲ್ಲಿ ಹಳ್ಳಿಯ ಲೈನಿನಲ್ಲಿ ತ್ರೀ ಫೇಸ್ ಬರುವುದು ನಿಗದಿಯಾದ ಹೊತ್ತಿಗಷ್ಟೇ. ಫೇಸ್ ಬಂದಿದೆಯೇ ಎಂದು ಹೇಳುವ ಸೆನ್ಸರ್ ಅದೇ ಎಪಿಐ ಬಂಡಲ್‌ನ ಮೇಲೆ ಇನ್ನೊಂದು ಕಾಂಪೊನೆಂಟ್ ಆಗಿ ಕೂರಬಹುದು. ಕಂಟ್ರೋಲರ್‌ಗೆ ಒಂದು ರೆಫರೆನ್ಸ್ ಹೆಚ್ಚಾಗುತ್ತದೆ ಅಷ್ಟೇ. ಬೋರ್ ಒಣಗಿದಾಗ ಕರೆಂಟ್ ಕಡಿಮೆ ಎಳೆಯುವುದನ್ನು ಹಿಡಿದು ಮೋಟಾರು ನಿಲ್ಲಿಸುವುದನ್ನೂ ಸೇರಿಸಬೇಕೆಂದಿದ್ದೇನೆ. ಆ ಬರಹ ಬೇರೆಯೇ ಬರುತ್ತದೆ.

ಕೋಡಿನಲ್ಲಿ ಮಾಡಿಫೈಡ್ ಮೆಥಡ್ (ಕಾನ್ಫಿಗರೇಶನ್ ಬದಲಾದಾಗ ಕರೆಯಲ್ಪಡುವುದು) ಮರೆಯಬೇಡಿ. ಅದಿಲ್ಲದಿದ್ದರೆ ಮಿತಿಯನ್ನು ಒಂದು ಸೆಂಟಿಮೀಟರ್ ಬದಲಿಸಿದರೂ ಸೆನ್ಸರ್ ಕಾಂಪೊನೆಂಟ್ ಡಿಆಕ್ಟಿವೇಟ್ ಆಗಿ ಮತ್ತೆ ಹುಟ್ಟುತ್ತದೆ. ಅದರ ಸರ್ವೀಸ್ ಹೋದೊಡನೆ ಕಂಟ್ರೋಲರ್ರೂ ಬೀಳುತ್ತದೆ, ರಿಲೇ ಟಕ್ಕೆಂದು ಬಿಡುತ್ತದೆ, ಮರುಕ್ಷಣ ಮತ್ತೆ ಹಿಡಿಯುತ್ತದೆ. ಓಡುತ್ತಿರುವ ಸಬ್‌ಮರ್ಸಿಬಲ್ ಮೋಟಾರಿಗೆ ಇದು ಒಳ್ಳೆಯದಲ್ಲ. ಮಿತಿ, ಆಳ ಬದಲಾದರೆ ಮಾಡಿಫೈಡ್‌ನಲ್ಲೇ ಸುಧಾರಿಸಿಕೊಳ್ಳುತ್ತೇನೆ. ಪಿನ್ನು ಬದಲಾದರೆ ಮಾತ್ರ ಜಿಪಿಐಓ (ಪೈನ ಪಿನ್ನುಗಳ ಸಂಪರ್ಕ) ಮುಚ್ಚಿ ತೆರೆಯುತ್ತೇನೆ.

ಇನ್ನು ಸೆನ್ಸರ್ ಮಾರಿದವರ ಮೇಲೆ ನನ್ನ ಸಿಟ್ಟು ಇಳಿದಿಲ್ಲ. ಜೆಎಸ್‌ಎನ್-ಎಸ್‌ಆರ್04ಟಿ ಎಂಬ ಈ ಅಲ್ಟ್ರಾಸಾನಿಕ್ ಸೆನ್ಸರ್‌ಗೆ ಸುಮಾರು 20 ಸೆಂಟಿಮೀಟರ್‌ಗಿಂತ ಹತ್ತಿರದ ನೀರು ಕಾಣುವುದಿಲ್ಲ. ಅವರು ಎಚ್‌ಸಿ-ಎಸ್‌ಆರ್04 ಎಂಬ ಬೇರೆ ಸೆನ್ಸರ್‌ನ 2 ಸೆಂಟಿಮೀಟರ್ ಅಂಕಿಯನ್ನೇ ಎತ್ತಿ ಇದಕ್ಕೂ ಹಾಕಿದ್ದರು. ಟ್ಯಾಂಕು ತುಂಬುತ್ತ ಬಂದಾಗಲೇ ಅಳತೆ ಕೆಟ್ಟರೆ ಆ ಸೆನ್ಸರ್ ಯಾತಕ್ಕೆ? ಫೋನ್ ಮಾಡಿ ಕೇಳಿದರೆ "ಎಲ್ಲರೂ ತಗೊಂಡು ಹೋಗ್ತಾರೆ ಸಾರ್" ಅನ್ನುವ ಉತ್ತರ. ಕೊನೆಗೆ ಮುಚ್ಚಳದ ಮೇಲೆ ಪಿವಿಸಿ ಪೈಪಿನ ತುಂಡು ನಿಲ್ಲಿಸಿ ಸೆನ್ಸರನ್ನು ಎತ್ತರಿಸಿದೆ, ಆಳದ ಪ್ರಾಪರ್ಟಿಯನ್ನು ಪುಟದಿಂದಲೇ ತಿದ್ದಿದೆ. ಮಾಡಿಫೈಡ್ ಕೆಲಸ ಮಾಡಿತು, ರಿಲೇ ಸದ್ದಿಲ್ಲ.

ಮುಂದೆ ಮೊದಲ ಕಾನ್ಫಿಗರೇಶನ್‌ಗಳನ್ನು ಇಟಿಸಿ ಫೈಲುಗಳಿಂದ ತೆಗೆದು, 2018ರ ಓಎಸ್‌ಜಿಐ ಆರ್7 ಆವೃತ್ತಿಯಲ್ಲಿ ಬಂದ ಕಾನ್ಫಿಗರೇಟರ್‌ಗೆ ಜೆಸನ್ ರೂಪದಲ್ಲಿ ಕೊಟ್ಟು ನೋಡುವವನಿದ್ದೇನೆ. ಪುಟದಲ್ಲಿ ತಿದ್ದಿದ್ದನ್ನು ಬಂಡಲ್ ಅಪ್‌ಡೇಟ್ ಆದಾಗ ಅದು ಅಳಿಸಿಹಾಕದಂತೆ ಪಾಲಿಸಿ ಹೊಂದಿಸುವುದು ಅಲ್ಲಿನ ಮೊದಲ ಕೆಲಸ.