ತಾಲ್ಲೂಕು ಆಸ್ಪತ್ರೆ ಲೆಕ್ಕ, ಒಂದೇ ಹಾಳೆಯಲ್ಲಿ: ಕೆಲಸ ಎಲ್ಲಿಗೆ ಬಂತು

ಆಸ್ಪತ್ರೆಯ ಮೇಲ್ವಿಚಾರಣೆ ನೋಡುವ ಆರೋಗ್ಯ ರಕ್ಷಾ ಸಮಿತಿಯ ಸದಸ್ಯರು ಓದಿದರೆ ಅರ್ಥವಾಗುವಂಥ ಲೆಕ್ಕಪತ್ರ ಮಾಡಬೇಕು ಅಂತ ಹೊರಟಿದ್ದೆನಲ್ಲ, ಅದು ಈ ತಿಂಗಳು ಒಂದು ರೂಪಕ್ಕೆ ಬಂದಿದೆ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆ, ಹೆಸರು ಬೇಡ. ನಾನು ಪುರಸಭೆಯ ಲೆಕ್ಕ ಶಾಖೆಯಲ್ಲಿದ್ದು ನಿವೃತ್ತನಾದವನು. ಮನೆಯವರ ಪ್ರಕಾರ ಇದು ಹವ್ಯಾಸ ಅಲ್ಲ, ಹುಚ್ಚು.

ಆಸ್ಪತ್ರೆಗೆ ದುಡ್ಡು ಬರುವ ದಾರಿ ಹಲವು. ಸಂಬಳ ಖಜಾನೆ-2ರಲ್ಲಿ, ಅಂದರೆ ರಾಜ್ಯ ಖಜಾನೆಯ ಆನ್‌ಲೈನ್ ವ್ಯವಸ್ಥೆಯಲ್ಲಿ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಹಣ ಕೇಂದ್ರದ ಆನ್‌ಲೈನ್ ಪಾವತಿ ವ್ಯವಸ್ಥೆಯಾದ ಪಿಎಫ್‌ಎಂಎಸ್‌ನಲ್ಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕ್ಲೇಮ್ ಹಣ (ಚಿಕಿತ್ಸೆ ಕೊಟ್ಟದ್ದಕ್ಕೆ ಯೋಜನೆಯಿಂದ ಆಸ್ಪತ್ರೆಗೆ ಬರುವುದು), ರೋಗಿಗಳು ಕಟ್ಟುವ ಬಳಕೆದಾರರ ಶುಲ್ಕ, ಎರಡೂ ಸಮಿತಿಯ ಖಾತೆಗೆ. ಒಂದೊಂದಕ್ಕೂ ಒಂದೊಂದು ಪುಸ್ತಕ. ಸಂಬಳ ಸದ್ಯ ಬಿಟ್ಟಿದ್ದೇನೆ, ಅದರಲ್ಲಿ ಗೊಂದಲ ಕಡಿಮೆ.

ಗೊಂದಲ ಇರುವುದು ಮುಂಗಡದಲ್ಲಿ. ಶೌಚಾಲಯ ರಿಪೇರಿಗೆ ಮುಂಗಡ ಕೊಟ್ಟ ದಿನವೇ ಆ ಮೊತ್ತ ಕ್ಯಾಶ್ ಬುಕ್‌ನ ಖರ್ಚಿನ ಪುಟದಲ್ಲಿ ಕೂತುಬಿಡುತ್ತದೆ. ಮಾರ್ಚ್ 31 ಆದ ಮೇಲೆ ಬಳಕೆ ಪ್ರಮಾಣಪತ್ರದಲ್ಲಿ (ಕೊಟ್ಟ ಹಣ ಬಳಸಿದ್ದೇವೆ ಅಂತ ಬರೆದುಕೊಡುವ ಪತ್ರ) ‘ಖರ್ಚಾಗಿದೆ’ ಅಂತ ಹೋಗುತ್ತದೆ. ಹೋಗಿ ನೋಡಿದರೆ ಬಾಗಿಲಿಗೆ ಇನ್ನೂ ಗೋಣಿದಾರವೇ ಚಿಲಕ. ಮುಂಗಡವನ್ನು ಖರ್ಚು ಅಂತ ತೋರಿಸಬೇಡಿ ಎಂದು ಅಭಿಯಾನದ ಹಣಕಾಸು ಕೈಪಿಡಿಯೇ ಹೇಳುತ್ತದೆ. ನಿಯಮ ಇದೆ, ರಿಜಿಸ್ಟರ್‌ನಲ್ಲಿ ಕಾಲಂ ಇಲ್ಲ. ಹಾಗಾಗಿ ನನ್ನ ಕಂಪ್ಯೂಟರ್ ಹಾಳೆಯಲ್ಲಿ ‘ಕೊಟ್ಟಾಗಿದೆ, ಬಿಲ್ ಬಂದಿಲ್ಲ’ ಅಂತಲೇ ಒಂದು ಕಾಲಂ. 90 ದಿನ ದಾಟಿದರೆ ಅದು ಕೆಂಪಾಗುತ್ತದೆ.

ಕ್ಲೇಮ್ ಕಥೆ ಇದರ ಉಲ್ಟಾ. ಫೆಬ್ರವರಿಯಲ್ಲಿ ಆಪರೇಷನ್ ಆಗಿ ರೋಗಿ ಮನೆಗೆ ಹೋಗಿರುತ್ತಾರೆ. ಹೊಲಿಗೆ ದಾರ, ಗ್ಲೌಸ್ ಖರ್ಚು ಈ ವರ್ಷದ್ದು, ಕ್ಲೇಮ್ ದುಡ್ಡು ಬರುವುದು ಮುಂದಿನ ವರ್ಷ. ನಗದು ಲೆಕ್ಕದಲ್ಲಿ ಆಸ್ಪತ್ರೆ ಈ ವರ್ಷ ಬಡವ, ಮುಂದಿನ ವರ್ಷ ಸಾಹುಕಾರ. ಎರಡೂ ಸುಳ್ಳು ಅಲ್ವಾ? 2006ರ ಮುನಿಸಿಪಲ್ ಲೆಕ್ಕಪತ್ರ ನಿಯಮ ಬಂದ ಮೇಲೆ ನಮ್ಮ ಪುರಸಭೆಗಳೇ ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ ಜೋಡಿ ನಮೂದಿಗೆ, ಬರಬೇಕಾದ್ದು–ಕೊಡಬೇಕಾದ್ದು ತೋರಿಸುವ ಪದ್ಧತಿಗೆ ಹೊರಳಿದವು. ಚರಂಡಿ ಬಿಲ್ಲಿಗೆ ಆಗುವುದು ಆಪರೇಷನ್‌ಗೆ ಯಾಕಾಗಬಾರದು?

ಆದರೆ ಕಳಿಸಿದ ಕ್ಲೇಮನ್ನೆಲ್ಲ ಆದಾಯ ಅಂತ ಬರೆಯಲು ನಾನು ಒಪ್ಪುವುದಿಲ್ಲ. ದಾಖಲೆ ಸಾಲದು ಅಂತ ವಾಪಸ್ ಬರುವವೂ ಇರುತ್ತವೆ. ಕಳಿಸಿದ್ದು, ಒಪ್ಪಿದ್ದು, ಖಾತೆಗೆ ಬಂದದ್ದು, ತಿರಸ್ಕಾರವಾದದ್ದು ಬೇರೆ ಬೇರೆ. ಒಪ್ಪಿದ್ದು ಮಾತ್ರ ‘ಬರಬೇಕಾದ್ದು’.

ಹಳೇ ಪಟ್ಟಿಗಳೆಲ್ಲ ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಆಗಿದ್ದವು. ಲಿಬ್ರೆ ಆಫೀಸ್‌ಗೆ ಹಾಕಿದರೆ ಬರೀ ಚಿತ್ತಾರ. ಯೂನಿಕೋಡ್‌ಗೆ ಬದಲಾಯಿಸಿ, ಒಡೆದ ಒತ್ತಕ್ಷರಗಳನ್ನು ಕೈಯಲ್ಲೇ ತಿದ್ದಿದೆ. ಬೇಜಾರಿನ ಕೆಲಸ, ಮುಗಿಯಿತು.

ಹಾಳೆ ನೋಡಿದ ಗುಮಾಸ್ತರು ಕೇಳಿದ್ದು ಒಂದೇ: ‘ಸಾರ್, ಇದಕ್ಕೆ ಇನ್ನೊಂದು ರಿಜಿಸ್ಟರ್ ಬರೀಬೇಕಾ?’ ನ್ಯಾಯವಾದ ಪ್ರಶ್ನೆ. ಈಗಲೇ ಅವರ ಮೇಜಿನ ಮೇಲೆ ಜಾಗ ಇಲ್ಲ. ಇರುವ ಕ್ಯಾಶ್ ಬುಕ್‌ನ ಷರಾ ಕಾಲಂನಲ್ಲೇ ಮುಂಗಡಕ್ಕೆ ‘ಮುಂ’, ಬಿಲ್ ಬಂದಾಗ ‘ಬಿ’ ಅಂತ ಬರೆದರೆ ಸಾಕು, ಉಳಿದದ್ದು ಹಾಳೆಯ ಸೂತ್ರ ಮಾಡಿಕೊಳ್ಳುತ್ತದೆ ಅಂದೆ. ಏಪ್ರಿಲ್‌ನಿಂದ ಬರೆದು ನೋಡಲು ಒಪ್ಪಿದ್ದಾರೆ.

ಔಷಧಿ ಇನ್ನೂ ಬಾಕಿ. ರಾಜ್ಯದ ವೈದ್ಯಕೀಯ ಸರಬರಾಜು ನಿಗಮದಿಂದ ಅದು ಪೆಟ್ಟಿಗೆಯಲ್ಲಿ ಬರುತ್ತದೆ, ಕ್ಯಾಶ್ ಬುಕ್‌ಗೆ ಬರುವುದೇ ಇಲ್ಲ. ಸ್ಟಾಕ್ ರಿಜಿಸ್ಟರ್‌ಗೆ ದರ ಕೂರಿಸುವುದು ಹೇಗೆ ಅಂತ ಮುಂದಿನ ತಿಂಗಳು ನೋಡುತ್ತೇನೆ.