ರೋರಿಯ ಕೊನೆಯ ಮೂರು ಆಲ್ಬಂಗಳು

ಐರ್ಲೆಂಡಿನ ಗಿಟಾರ್ ವಾದಕ, ಗಾಯಕ ರೋರಿ ಗ್ಯಾಲಹರ್‌ನ ಹೆಸರೆತ್ತಿದರೆ ಸಾಕು, ಬ್ಲೂಸ್ ರಾಕ್ ಕೇಳುವವರೆಲ್ಲ ಒಂದೇ ಮಾತು ಹೇಳುತ್ತಾರೆ: ಅವನು ವೇದಿಕೆಯ ಕಲಾವಿದ, ಸ್ಟುಡಿಯೋದ ನಾಲ್ಕು ಗೋಡೆಗಳ ನಡುವೆ ಅವನ ಕಿಚ್ಚು ಆರಿಹೋಗುತ್ತಿತ್ತು. ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗನದೂ ಇದೇ ವಾದ. ‘ಮಾವ, 1974ರ ಐರಿಷ್ ಟೂರ್ ಕೇಳಿ, ವೇದಿಕೆಯಲ್ಲೇ ರೆಕಾರ್ಡ್ ಆದದ್ದು. ಎಂಬತ್ತರ ದಶಕದ್ದನ್ನು ಬಿಟ್ಟುಬಿಡಿ’ ಎನ್ನುತ್ತಾನೆ. ಐರಿಷ್ ಟೂರ್‌ಗೆ ನಾನೂ ಕೈಮುಗಿಯುತ್ತೇನೆ. ಆದರೆ 1982ರ ಜಿಂಕ್ಸ್, 1987ರ ಡಿಫೆಂಡರ್, 1990ರ ಫ್ರೆಶ್ ಎವಿಡೆನ್ಸ್ ಈ ಮೂರನ್ನೂ ಬಿಟ್ಟುಬಿಡಿ ಎನ್ನುವುದು ಅನ್ಯಾಯ. ರೋರಿಯ ಆಲ್ಬಂಗಳೆಲ್ಲ ರೀಮಾಸ್ಟರ್ ಆಗಿ, ಅಂದರೆ ಹಳೆಯ ಟೇಪಿನ ಧ್ವನಿಯನ್ನು ತಿಳಿಗೊಳಿಸಿಕೊಂಡು, 2018ರಲ್ಲಿ ಮತ್ತೆ ಹೊರಬಂದವು. ಈ ಮಳೆಗಾಲವಿಡೀ ನಾನು ಕೇಳಿದ್ದು ಅವುಗಳಲ್ಲಿ ಕೊನೆಯ ಈ ಮೂರನ್ನೇ.

ನನ್ನ ಕಿವಿ ಪಳಗಿದ್ದು ಸಾಗರದ ಒಂದು ಕ್ಯಾಸೆಟ್ ಅಂಗಡಿಯಲ್ಲಿ. ಜನ ಹಾಡುಗಳ ಪಟ್ಟಿ ಬರೆದುಕೊಂಡು ಬರುತ್ತಿದ್ದರು, ನಾನು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದೆ. ಸುಗ್ಗಿ ಮುಗಿದು ಮೇಳಗಳ ತಿರುಗಾಟ ಜೋರಾದಾಗ ಟೇಪ್ ಡೆಕ್ಕನ್ನು ಹೊತ್ತುಕೊಂಡು ಬಯಲಾಟಕ್ಕೆ ಹೋಗುತ್ತಿದ್ದೆ. ಭಾಗವತರ ಎದುರು ಮೈಕನ್ನು ಎಷ್ಟು ದೂರ ಇಟ್ಟರೆ ಚಂಡೆ ಪದ್ಯವನ್ನು ನುಂಗುವುದಿಲ್ಲ ಎಂಬುದನ್ನು ಯಾವ ಪುಸ್ತಕವೂ ಹೇಳಿಕೊಡಲಿಲ್ಲ. ರಾತ್ರಿಯಿಡೀ ಹೆಡ್‌ಫೋನ್ ಹಾಕಿ ಕೂತೇ ಅದನ್ನು ಕಲಿಯಬೇಕಾಯಿತು.

ಮಲೆನಾಡಿನಲ್ಲಿ ಟೇಪಿಗೆ ಮಳೆಯೇ ಶತ್ರು. ಆರಿದ್ರಾ ಹಿಡಿದು ಪುಷ್ಯ ಮುಗಿಯುವಷ್ಟರಲ್ಲಿ ಕ್ಯಾಸೆಟ್ಟಿನ ಸುರುಳಿಯ ಅಂಚಿಗೆ ಬಿಳಿ ಬೂಷ್ಟು ಕೂರುತ್ತಿತ್ತು. ಐದು ಸ್ಕ್ರೂ ಬಿಚ್ಚಿ, ಚಿಪ್ಪು ತೆರೆದು, ಸ್ಪಿರಿಟ್ ಹಾಕಿದ ಹತ್ತಿಯಲ್ಲಿ ಒರೆಸಿ, ಹೊಸ ಚಿಪ್ಪಿಗೆ ಹಾಕಿ ಕೊಡುತ್ತಿದ್ದೆ. ಇನ್ನೊಂದು ಕೆಲಸ ಅದಕ್ಕಿಂತ ಸೂಕ್ಷ್ಮದ್ದು. ಟೇಪಿಗೆ ತಾಗುವ ಹೆಡ್ಡಿನ ಪಕ್ಕದಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಗಡಿಯಾರ ರಿಪೇರಿಯವರ ಸ್ಕ್ರೂಡ್ರೈವರಿನಿಂದ ಅದನ್ನು ಕೂದಲೆಳೆಯಷ್ಟು ತಿರುಗಿಸಿದರೆ ಹೆಡ್ಡು ವಾಲುತ್ತದೆ. ಯಾವ ಕೋನದಲ್ಲಿ ರೆಕಾರ್ಡ್ ಆಗಿದೆಯೋ ಅದೇ ಕೋನಕ್ಕೆ ಬಂದ ತಕ್ಷಣ ಕಂಬಳಿ ಸರಿಸಿದಂತೆ ತಾಳದ ಕಿಣಿಕಿಣಿ ತೆರೆದುಕೊಳ್ಳುತ್ತದೆ. ಆಜಿಮತ್ ಎನ್ನುತ್ತಾರೆ ಅದಕ್ಕೆ. ಹೊಸದಾಗಿ ಏನನ್ನೂ ಸೇರಿಸಿಲ್ಲ, ಇದ್ದದ್ದೇ ಕೇಳಿಸಿದೆ.

ಒಳ್ಳೆಯ ರೀಮಾಸ್ಟರಿಂಗ್ ಮಾಡುವುದೂ ಇದನ್ನೇ, ಇನ್ನೂ ದುಬಾರಿ ಯಂತ್ರಗಳಿಂದ. ವಾದ್ಯಗಳನ್ನು ಬಿಡಿಬಿಡಿಯಾಗಿ ತೆಗೆದುಕೊಂಡು ಮತ್ತೆ ಹದ ಮಾಡುವುದು ರೀಮಿಕ್ಸ್, ಅದು ಬೇರೆ. ಇಲ್ಲಿ ಅಂತಿಮ ಸ್ಟೀರಿಯೋ ಟೇಪನ್ನು ಹುಡುಕಿ, ಹೆಡ್ಡಿನ ಕೋನ ಹೊಂದಿಸಿ, ಡಿಜಿಟಲ್ಲಿಗೆ ಇಳಿಸಿ, ಮಂದ್ರ ತಾರಗಳನ್ನು ತೂಗಿ ನೋಡುತ್ತಾರೆ. ಎಪ್ಪತ್ತು ಎಂಬತ್ತರ ದಶಕದ ಕೆಲವು ಕಂಪನಿಗಳ ಟೇಪುಗಳ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಅಂಥ ಟೇಪನ್ನು ಹಾಗೆಯೇ ಓಡಿಸಿದರೆ ಕಂದು ಲೇಪವೇ ಕಿತ್ತು ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಮೊದಲು 50 ಡಿಗ್ರಿಯ ಆಸುಪಾಸಿನ ಹದವಾದ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ಒಣಗಿಸುತ್ತಾರೆ. ಇದನ್ನು ಓದಿದಾಗ, ಒಣಗಿಸುವ ಉಪಾಯ ಗೊತ್ತಿಲ್ಲದೆ ನಮ್ಮ ಕಡೆ ಎಷ್ಟು ಭಾಗವತರ ದನಿ ಮಣ್ಣುಪಾಲಾಯಿತೋ ಎಂದು ಹೊಟ್ಟೆ ಚುರುಕ್ ಎಂದಿತು.

ರೀಮಾಸ್ಟರ್ ಹೆಸರಿನಲ್ಲಿ ಕೆಡಿಸಿದವರೂ ಬೇಕಾದಷ್ಟಿದ್ದಾರೆ. ತೊಂಬತ್ತರ ದಶಕದ ನಂತರ ಎಲ್ಲವನ್ನೂ ಜೋರು ಮಾಡುವ ಚಟ ಅಂಟಿತು. ಮೆಲ್ಲಗಿನದನ್ನು ಮೇಲೆತ್ತಿ, ಜೋರಿನದನ್ನು ಅದುಮಿ, ಇಡೀ ಹಾಡನ್ನು ಒಂದೇ ಮಟ್ಟಕ್ಕೆ ತಂದುಬಿಡುತ್ತಾರೆ. ಗಿಟಾರಿಗೆ ಇದಕ್ಕಿಂತ ದೊಡ್ಡ ಏಟಿಲ್ಲ. ತಂತಿಗೆ ಬೆರಳು ಬಿದ್ದ ಪೆಟ್ಟಿಗೂ ಅದರ ನಂತರದ ಅನುರಣನಕ್ಕೂ ವ್ಯತ್ಯಾಸವೇ ಇಲ್ಲದಿದ್ದರೆ ಆ ಬೆರಳು ಯಾರದಾದರೇನು?

ಈಗ ಆಲ್ಬಂಗಳ ವಿಷಯ. ಜಿಂಕ್ಸ್ ಮೂರರಲ್ಲಿ ಹೆಚ್ಚು ಒರಟಾದದ್ದು. ಡ್ರಮ್ಮಿಗೆ ಬ್ರೆಂಡನ್ ಓನೀಲ್ ಹೊಸದಾಗಿ ಬಂದಿದ್ದ ಕಾಲ, ಪೆಟ್ಟು ಗಟ್ಟಿ. ಅಷ್ಟು ಹೇಳಿ ಮುಂದೆ ಹೋಗುತ್ತೇನೆ. ಅದಾದ ಮೇಲೆ ಐದು ವರ್ಷ ಹೊಸ ಆಲ್ಬಂ ಇಲ್ಲ. 1971ರಲ್ಲಿ ಒಂದೇ ವರ್ಷಕ್ಕೆ ಎರಡು ಆಲ್ಬಂ ಕೊಟ್ಟಿದ್ದ ಮನುಷ್ಯ ಐದು ವರ್ಷ ಸುಮ್ಮನಿದ್ದ. ಡಿಫೆಂಡರ್ ಬಂದಾಗ ಅದರಲ್ಲಿ ಅವನು ಪ್ರೀತಿಯಿಂದ ಓದುತ್ತಿದ್ದ ಪತ್ತೇದಾರಿ ಕಥೆಗಳ ಲೋಕವಿತ್ತು. ಕಾಂಟಿನೆಂಟಲ್ ಆಪ್ ಎಂಬ ಹಾಡಿನ ಹೆಸರೇ ಅಮೆರಿಕದ ಪತ್ತೇದಾರಿ ಕಥೆಗಾರ ಡ್ಯಾಶಿಯಲ್ ಹ್ಯಾಮೆಟ್‌ನ ಪತ್ತೇದಾರನದು. ಲೋನ್‌ಶಾರ್ಕ್ ಬ್ಲೂಸ್‌ನಲ್ಲಿ ಮೀಟರ್ ಬಡ್ಡಿಗೆ ಸಾಲ ಕೊಡುವವನ ಕೈಗೆ ಸಿಕ್ಕಿಬಿದ್ದವನ ಸಂಕಟ. ಅಡಿಕೆ ಮಂಡಿಯಲ್ಲಿ ಮುಂಗಡ ತೆಗೆದುಕೊಂಡು, ಕೊಳೆರೋಗದ ವರ್ಷ ತೀರಿಸಲಾಗದೆ ನಿಂತವರನ್ನು ಕಂಡಿರುವ ನನಗೆ ಆ ಹಾಡು ಐರ್ಲೆಂಡಿನದು ಎನ್ನಿಸುವುದೇ ಇಲ್ಲ.

ಫ್ರೆಶ್ ಎವಿಡೆನ್ಸ್‌ನ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು. ಅದರಲ್ಲಿ ಎಂಪೈರ್ ಸ್ಟೇಟ್ ಎಕ್ಸ್‌ಪ್ರೆಸ್ ಎಂಬ ಹಾಡಿದೆ, ಮೂಲ ಅಮೆರಿಕದ ಹಳೆಯ ಬ್ಲೂಸ್ ಗಾಯಕ ಸನ್ ಹೌಸ್‌ನದು. ಬ್ಯಾಂಡ್ ಇಲ್ಲ. ಲೋಹದ ಮೈಯ ನ್ಯಾಷನಲ್ ಗಿಟಾರ್ ಮತ್ತು ಒಂದು ಗಂಟಲು, ಅಷ್ಟೇ. ಹಳೆಯ ಪ್ರತಿಯಲ್ಲಿ ಗಿಟಾರ್ ತಗಡಿನಂತೆ ಕೇಳುತ್ತಿತ್ತು. ಈಗ ಕೇಳಿದರೆ ತಂತಿಯ ಮೇಲೆ ಸ್ಲೈಡ್, ಅಂದರೆ ಬೆರಳಿಗೆ ಹಾಕಿಕೊಳ್ಳುವ ಕೊಳವೆ, ಜಾರುವಾಗಿನ ಕರಕರ, ಅದು ತಂತಿಯನ್ನು ಬಿಟ್ಟ ಕ್ಷಣ, ಆಮೇಲೆ ಕೋಣೆಯಲ್ಲಿ ಉಳಿಯುವ ಗುಂಗು ಎಲ್ಲವೂ ಬೇರೆಬೇರೆಯಾಗಿ ತಿಳಿಯುತ್ತವೆ. ಬ್ಯಾಂಡ್ ಇಲ್ಲದ್ದರಿಂದ ಆ ಗುಂಗನ್ನು ಮುಚ್ಚುವವರೂ ಯಾರೂ ಇಲ್ಲ. ಸ್ಟುಡಿಯೋದಲ್ಲಿ ಕಿಚ್ಚಿರಲಿಲ್ಲ ಎನ್ನುವವರು ಈ ಒಂದು ಹಾಡನ್ನು ಕೇಳಿ ಆಮೇಲೆ ಮಾತನಾಡಲಿ.

ಅದೇ ಆಲ್ಬಮ್ಮಿನಲ್ಲಿ ದ ಕಿಂಗ್ ಆಫ್ ಜೈಡಿಕೋ ಇದೆ. ಜೈಡಿಕೋ ಎಂದರೆ ಅಮೆರಿಕದ ಲೂಸಿಯಾನಾದ ಅಕಾರ್ಡಿಯನ್ ಪ್ರಧಾನ ಕುಣಿತದ ಸಂಗೀತ. ಅದರ ರಾಜನೆನಿಸಿದ ವಾದಕ ಕ್ಲಿಫ್ಟನ್ ಶೆನಿಯರ್ 1987ರಲ್ಲಿ ತೀರಿಕೊಂಡ. ಆ ಹಿರಿಯನಿಗೆ ಸಲ್ಲಿಸಿದ ಗೌರವ ಅದು. ಅಕಾರ್ಡಿಯನ್ನಿಗೆ ಜಾಗ ಬಿಡಲು ರೋರಿ ತನ್ನ ಗಿಟಾರನ್ನು ಹಿಂದಕ್ಕೆ ಸರಿಸಿದ್ದಾನೆ. ಎರಡು ಗಂಟೆ ವೇದಿಕೆಯಲ್ಲಿ ಓಡಾಡಿ ಬೆವರು ಸುರಿಸುವವನು ಇಲ್ಲಿ ಇನ್ನೊಬ್ಬರ ವಾದ್ಯವನ್ನು ಕೇಳಿಸಿಕೊಳ್ಳುತ್ತಿದ್ದಾನೆ. ಸ್ಟುಡಿಯೋ ಅವನಿಗೆ ಕೊಟ್ಟ ಲಾಭ ಇದು. ಮಾರ್ಕ್ ಫೆಲ್ತಮ್‌ನ ಹಾರ್ಮೋನಿಕಾ ಬಂದಾಗಲೂ ಹೀಗೇ ಜಾಗ ಬಿಡುತ್ತಾನೆ.

ಸ್ಟುಡಿಯೋ ಎಂದರೆ ಅವನಿಗೆ ಅಸಡ್ಡೆಯಿತ್ತು ಎನ್ನುವವರಿಗೆ 1978ರ ಕಥೆ ಹೇಳುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಲಿಯಟ್ ಮೇಜರ್ ಎಂಬ ನಿರ್ಮಾಪಕನ ಜೊತೆ ಒಂದು ಇಡೀ ಆಲ್ಬಂ ಮುಗಿಸಿದ್ದ. ಕೇಳಿ ನೋಡಿದ, ಒಪ್ಪಿಗೆಯಾಗಲಿಲ್ಲ, ಮುಲಾಜಿಲ್ಲದೆ ಕೈಬಿಟ್ಟ. ಅದೇ ವರ್ಷ ಅಲ್ಲಿನ ಹಲವು ಹಾಡುಗಳನ್ನು ಜರ್ಮನಿಯಲ್ಲಿ ಹೊಸದಾಗಿ ರೆಕಾರ್ಡ್ ಮಾಡಿ ಫೋಟೋ ಫಿನಿಶ್ ತಂದ. ಬಿಟ್ಟ ಟೇಪುಗಳು ಹೊರಬಂದದ್ದು ಅವನು ಹೋದ ಎಷ್ಟೋ ವರ್ಷಗಳ ಮೇಲೆ, 2011ರಲ್ಲಿ. ಧ್ವನಿಯ ವಿಷಯದಲ್ಲಿ ಇಷ್ಟು ಹಟ ಹಿಡಿದವನನ್ನು ಸ್ಟುಡಿಯೋಗೆ ಅರೆಮನಸ್ಸಿನಿಂದ ಹೋಗುತ್ತಿದ್ದ ಎನ್ನಲು ಬಾಯಿ ಹೇಗೆ ಬರುತ್ತದೆ?

ಅವನ ಗಿಟಾರಿನ ಕಥೆ ಎಲ್ಲರಿಗೂ ಬಾಯಿಪಾಠ. 1961ರ ಫೆಂಡರ್ ಸ್ಟ್ರಾಟೋಕ್ಯಾಸ್ಟರ್, 1963ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ಕ್ರೌಲಿ ಅಂಗಡಿಯಲ್ಲಿ ಹದಿನೈದರ ಹುಡುಗ ಸಾಲ ಮಾಡಿ ಕೊಂಡದ್ದು. ಆಮೇಲೆ ಕಳವಾಗಿ, ಮಳೆಯಲ್ಲಿ ನೆನೆದು ಮರಳಿ ಸಿಕ್ಕಿತು. ಬೆವರಿಗೆ ಬಣ್ಣವೆಲ್ಲ ಹೋಗಿ ಮರವೇ ಕಾಣುತ್ತದೆ. 2024ರ ಅಕ್ಟೋಬರಿನಲ್ಲಿ ಲಂಡನ್ನಿನ ಬಾನ್ಹಮ್ಸ್ ಹರಾಜಿನಲ್ಲಿ ಅದಕ್ಕೆ 8 ಲಕ್ಷ 80 ಸಾವಿರ ಪೌಂಡಿಗೂ ಹೆಚ್ಚು ಬೆಲೆ ಬಂತು, ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆಂದೇ ಕೊಂಡರು. ಸಂತೋಷ. ಆದರೆ ಗಾಜಿನ ಹಿಂದಿನ ಗಿಟಾರನ್ನು ನೋಡಲು ಸಾಲು ನಿಲ್ಲುವವರು ಅದೇ ಕೈ ನಲವತ್ತೆರಡನೆಯ ವಯಸ್ಸಿನಲ್ಲಿ ಏನು ನುಡಿಸಿತು ಎಂದು ಕೇಳದೆ ಹೋಗುವುದು ನನಗೆ ನೋವಿನ ವಿಷಯ.

ಆ ಹೊತ್ತಿಗೆ ಅವನ ಆರೋಗ್ಯ ಕೆಡುತ್ತಿತ್ತು. ಮುಖ ಊದಿಕೊಂಡಿತ್ತು, ಮಾತ್ರೆಗಳು ಹೆಚ್ಚಾಗಿದ್ದವು. ವಾಕಿನ್ ವೂಂಡೆಡ್ ಹಾಡಿನಲ್ಲಿ ಅದು ಮುಚ್ಚುಮರೆಯಿಲ್ಲದೆ ಬಂದಿದೆ. ದನಿ ಕೆಲವೆಡೆ ಬಿರಿಯುತ್ತದೆ, ರೀಮಾಸ್ಟರ್ ಮಾಡಿದವರು ಅದನ್ನು ನಯಗೊಳಿಸಲು ಹೋಗಿಲ್ಲ. ಅವರಿಗೆ ಪುಣ್ಯ ಬರಲಿ. 1995ರ ಜನವರಿಯಲ್ಲಿ ನೆದರ್ಲೆಂಡ್ಸಿನಲ್ಲಿ ಕೊನೆಯ ಕಛೇರಿ. ಯಕೃತ್ತಿನ ಕಸಿ ಆದ ಮೇಲೆ ಜೂನ್ 14ರಂದು ಲಂಡನ್ನಿನಲ್ಲಿ ತೀರಿಕೊಂಡ. ವಯಸ್ಸು 47. ಫ್ರೆಶ್ ಎವಿಡೆನ್ಸ್ ಆದ ಮೇಲೆ ಸ್ಟುಡಿಯೋ ಆಲ್ಬಂ ಇಲ್ಲ.

ಕೇಳಬೇಕೆನ್ನುವವರು ಮೊಬೈಲಿನ ಸ್ಪೀಕರಿನಲ್ಲಿ ಮಾತ್ರ ಹಾಕಬೇಡಿ, ಜೆರಿ ಮೆಕಾವೋಯ್‌ನ ಬಾಸ್ ಪೂರ್ತಿ ಕಾಣೆಯಾಗುತ್ತದೆ. ಸಾಧಾರಣ ಹೆಡ್‌ಫೋನ್ ಸಾಕು. ಧ್ವನಿಯನ್ನು ಅರ್ಧಕ್ಕಿಂತ ಮೇಲೆ ಏರಿಸಬೇಕಾಗಿಲ್ಲ. ಮೊದಲು ಫ್ರೆಶ್ ಎವಿಡೆನ್ಸ್‌ನ ಕಿಡ್ ಗ್ಲೋವ್ಸ್ ಕೇಳಿ, ದುಡ್ಡಿಗಾಗಿ ಸೋಲಲು ಒಪ್ಪದ ಬಾಕ್ಸರನ ಹಾಡು ಅದು. ನಂತರ ಎಂಪೈರ್ ಸ್ಟೇಟ್ ಎಕ್ಸ್‌ಪ್ರೆಸ್. ಆಮೇಲೆ ಡಿಫೆಂಡರ್ ಕಡೆಗೆ ಹೋಗಿ. ಜಿಂಕ್ಸ್ ಕೊನೆಗಿರಲಿ.