ಯಾವ ಕಡೆ ಹರಿಯುತ್ತೆ ಈ ನದಿ?

ಆಗಸ್ಟ್ ಮೊದಲ ವಾರ. ತುಂಗೆ ಕೆಂಪಗೆ ಉಕ್ಕಿ ಹರಿಯುತ್ತಿರೋ ಫೋಟೋ ಅಮ್ಮ ವಾಟ್ಸಾಪಲ್ಲಿ ಕಳಿಸಿದ್ದಳು. ನಾನು ಬಾಸ್ಟನ್ ಹತ್ತಿರ ಅಕ್ಕನ ಮನೆಯಲ್ಲಿದ್ದೆ. "ಬಾರೋ, ಇಲ್ಲಿನ ನದಿ ತೋರಿಸ್ತೀನಿ" ಅಂತ ಅವಳು ಕಾಂಕರ್ಡ್ ಊರಿಗೆ ಕರೆದುಕೊಂಡು ಹೋದಳು.

ಜಾಗದ ಹೆಸರು ಗ್ರೇಟ್ ಮೆಡೋಸ್. ಕಾಂಕರ್ಡ್ ಮತ್ತು ಸಡ್‌ಬರಿ ನದಿಗಳ ದಂಡೆಯುದ್ದಕ್ಕೂ ಹಬ್ಬಿರುವ ಜೌಗು, ಈಗ ವನ್ಯಜೀವಿ ಧಾಮ. 1944ರಲ್ಲಿ ಸ್ಯಾಮ್ಯುಯೆಲ್ ಹೋರ್ ಎನ್ನುವವರು ದಾನ ಕೊಟ್ಟ 250 ಎಕರೆಯಿಂದ ಶುರುವಾಗಿದ್ದಂತೆ.

ಎರಡು ದೊಡ್ಡ ಕೊಳ, ನಡುವೆ ನಡೆಯೋಕೆ ಮಣ್ಣಿನ ಏರಿ. ಥೇಟ್ ನಮ್ಮ ಕೆರೆ ಏರಿ. ಪಕ್ಕದಲ್ಲಿ ಆಳೆತ್ತರದ ಜೊಂಡು. ಆಮೇಲೆ ತಾವರೆ, ಅದೂ ಹಳದಿ! ಮೊರದಗಲದ ಎಲೆಗಳು ನೀರು ಬಿಟ್ಟು ಮೇಲೆದ್ದು ನಿಂತಿದ್ದವು. ದಳ ಉದುರಿದ ಕಡೆ ಉಳಿದಿದ್ದು ಪುಟ್ಟ ಪಡ್ಡಿನ ಕಾವಲಿ, ಗುಳಿಗೊಂದು ಬೀಜ. ಒಂದು ನೀಲಿ ಬಕ ಅದರ ಮಧ್ಯೆ ಅಲ್ಲಾಡದೆ ನಿಂತಿತ್ತು. ನಾವು ಹೋಗಿ ವಾಪಸ್ ಬರುವಾಗಲೂ ಅಲ್ಲೇ ಇತ್ತು.

ಏರಿಯ ಆಚೆ ತುದಿಯಲ್ಲಿ ನದಿ. ಕಾಫಿ ಡಿಕಾಕ್ಷನ್ ಬಣ್ಣ, ಸದ್ದೇ ಇಲ್ಲ. ಇಳಿಜಾರು ಇಲ್ಲದ ನೆಲ, ಹಾಗಾಗಿ ಸುತ್ತಿ ಬಳಸಿ ಹೋಗುತ್ತೆ. ಯಾವ ಕಡೆಗೆ ಅಂತಲೇ ತಿಳಿಯಲಿಲ್ಲ. ಒಂದು ಒಣ ಎಲೆ ಎಸೆದೆ, ಎಡಕ್ಕೆ ತೇಲಿತು. "ಅದು ಗಾಳಿ ಕಣೋ" ಅಂದಳು ಅಕ್ಕ. ಬಗ್ಗಿ ನೋಡಿದರೆ ನೀರೊಳಗಿನ ಪಾಚಿಗಿಡಗಳೆಲ್ಲ ಬಲಕ್ಕೆ ಬಾಗಿದ್ದವು. ನದಿ ಹೋಗುತ್ತಿದ್ದದ್ದು ಆ ಕಡೆ, ಉತ್ತರಕ್ಕೆ.

ನಾನೊಬ್ಬನೇ ದಡ್ಡ ಅಲ್ಲ ಬಿಡಿ. 1840ರ ದಶಕದಲ್ಲಿ ಇದೇ ದಂಡೆಯಲ್ಲಿ ಮನೆ ಮಾಡಿದ್ದ ಲೇಖಕ ಹಾಥಾರ್ನ್‌ಗೆ ಈ ಹರಿವಿನ ದಿಕ್ಕು ಗೊತ್ತಾಗೋಕೆ ಮೂರು ವಾರ ಹಿಡಿದಿತ್ತಂತೆ. ಮೂಲ ನಿವಾಸಿಗಳು ಇದನ್ನು ಕರೆಯುತ್ತಿದ್ದದ್ದು ಮಸ್ಕೆಟಾಕ್ವಿಡ್ ಅಂತ, ಅಂದರೆ ಹುಲ್ಲುನೆಲದ ನದಿ. ನನಗೆ ಆ ಹೆಸರೇ ಇಷ್ಟ.

ಕಾರು ಹತ್ತುವ ಮೊದಲು ಅಕ್ಕ ನಿಲ್ಲಿಸಿದಳು. "ಕಾಲುಚೀಲ ನೋಡ್ಕೋ, ಉಣುಗು ಇರುತ್ತೆ. ಕಚ್ಚಿದರೆ ಲೈಮ್ ಕಾಯಿಲೆ." ಮಂಗನ ಕಾಯಿಲೆ ನೋಡಿದ ಊರಿನವನಿಗೆ ಉಣುಗಿನ ಪಾಠ ಬೇಕಾ ಅಂತ ನಗುತ್ತಲೇ ಬಗ್ಗಿದೆ. ಎಡಗಾಲಿನ ಚೀಲದ ಮೇಲೆ ಎಳ್ಳಿನಷ್ಟು ಕಪ್ಪು ಚುಕ್ಕೆ, ಮೆಲ್ಲಗೆ ಮೇಲಕ್ಕೆ ಹತ್ತುತ್ತಿತ್ತು.